ಜರ್ನಲ್ಲಿಗೂ ಬರೆದರು, ಕಾರ್ಮಿಕರ ಪತ್ರಿಕೆಗೂ ಬರೆದರು: ಜೆ.ಬಿ.ಎಸ್. ಹಾಲ್ಡೇನ್ ಬದುಕಿನ ಪಾಠ

ಲಸಿಕೆ ಇರಲಿ, ಹವಾಮಾನ ಇರಲಿ, ಆಹಾರ ಪದ್ಧತಿ ಇರಲಿ, ಆನ್‌ಲೈನ್ ಚರ್ಚೆ ಸ್ವಲ್ಪ ಬಿಸಿಯಾದರೆ ಸಾಕು, ಯಾರಾದರೊಬ್ಬರು ಸಂಶೋಧನೆಯೇ ಹೇಳಿದೆ ಅಂತ ಒಂದು ಲಿಂಕ್ ತಂದು ಹಾಕುತ್ತಾರೆ. ತೆರೆದು ನೋಡಿದರೆ ಅದು ಒಮ್ಮೆ ಸಂಶೋಧನಾ ಜರ್ನಲ್ಲಿನ ಪೇಪರ್ ಆಗಿರುತ್ತದೆ. ಒಮ್ಮೆ ಯಾವುದೋ ವಾರಪತ್ರಿಕೆಯ ಲೇಖನ. ಇನ್ನೊಮ್ಮೆ ಜರ್ನಲ್ಲಿನ ವೇಷ ಹಾಕಿಕೊಂಡ ಮತ್ತೇನೋ. ಮೂರಕ್ಕೂ ಒಂದೇ ತೂಕ ಕೊಟ್ಟು ಜಗಳ ಮುಂದುವರಿಯುತ್ತದೆ.

ಜರ್ನಲ್ ಯಾವುದು, ಜನಪ್ರಿಯ ಪತ್ರಿಕೆ ಯಾವುದು ಅಂತ ಗುರುತಿಸೋದಕ್ಕೆ ಕಾಲೇಜು ಲೈಬ್ರರಿಗಳಲ್ಲಿ ಒಂದು ಸಿದ್ಧ ಪಟ್ಟಿ ಸಿಗುತ್ತದೆ. ಅಡಿಟಿಪ್ಪಣಿ ಇದೆಯಾ, ಕೋಷ್ಟಕ ಇದೆಯಾ, ಬರೆದವರು ಪ್ರೊಫೆಸರಾ, ಜಾಹೀರಾತು ಇದೆಯಾ, ಹೀಗೆ. ಪಟ್ಟಿ ತಪ್ಪಲ್ಲ. ಆದರೆ ಅದು ಹೊರಮೈ ಮಾತ್ರ ನೋಡುತ್ತದೆ. ಒಳಗಿರುವ ನಿಜವಾದ ವ್ಯತ್ಯಾಸ ತಿಳಿಯಬೇಕಾದರೆ ಎರಡೂ ಕಡೆ ಜೀವನಪೂರ್ತಿ ಬರೆದ ಒಬ್ಬ ಮನುಷ್ಯನನ್ನು ನೋಡಬೇಕು. ಅವರೇ ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್. ಆರ್.ಎ. ಫಿಶರ್ ಮತ್ತು ಸಿವಾಲ್ ರೈಟ್ ಜೊತೆ ಜೀವವಿಕಾಸಕ್ಕೆ ಗಣಿತದ ಬುನಾದಿ ಹಾಕಿದ ಮೂವರಲ್ಲಿ ಒಬ್ಬರು. ಕಮ್ಯುನಿಸ್ಟ್. ಹುಟ್ಟಿದ್ದು ಆಕ್ಸ್‌ಫರ್ಡ್‌ನಲ್ಲಿ, ತೀರಿಕೊಂಡಿದ್ದು ಭಾರತದ ಪ್ರಜೆಯಾಗಿ ಭುವನೇಶ್ವರದಲ್ಲಿ.

1892ರ ನವೆಂಬರ್ 5ರಂದು ಹುಟ್ಟಿದ ಹಾಲ್ಡೇನ್‌ಗೆ ಮನೆಯೇ ಪ್ರಯೋಗಶಾಲೆ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ವಿಜ್ಞಾನಿ. ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟವಾದಾಗ ಕಾರ್ಮಿಕರು ಯಾವುದರಿಂದ ಸಾಯುತ್ತಾರೆ ಅಂತ ಪತ್ತೆ ಮಾಡಿ 1896ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ವರದಿ ಕೊಟ್ಟವರು. ಹೆಚ್ಚಿನವರು ಸತ್ತದ್ದು ಬೆಂಕಿಯಿಂದಲ್ಲ, ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಅನ್ನೋದು ಅವರು ಕಂಡುಕೊಂಡ ಸತ್ಯ. ಗಣಿಗೆ ಇಳಿಯುವವರು ಪಂಜರದಲ್ಲಿ ಕೆನರಿ ಹಕ್ಕಿಯನ್ನು ಕೊಂಡೊಯ್ಯುವ ಪದ್ಧತಿ ಬಂದಿದ್ದು ಅವರ ಸಲಹೆಯಿಂದ. ಹಕ್ಕಿ ಮೊದಲು ಕುಸಿದರೆ ಮನುಷ್ಯ ಓಡಿ ಪಾರಾಗಬಹುದು.

ಮಗನನ್ನೂ ಅವರು ಗಣಿಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಮೀಥೇನ್ ತುಂಬಿದ ಜಾಗದಲ್ಲಿ ಹುಡುಗನನ್ನು ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಒಂದು ಭಾಷಣ ಹೇಳಿಸಿದರು. ಸ್ವಲ್ಪ ಹೊತ್ತಿಗೇ ಏದುಸಿರು ಬಂದು ಹುಡುಗ ಕುಸಿದು ಬಿದ್ದ. ನೆಲದ ಮಟ್ಟದಲ್ಲಿ ಉಸಿರು ಸರಾಗವಾಗಿ ಆಡಿತು. ಮೀಥೇನ್ ಗಾಳಿಗಿಂತ ಹಗುರ, ಚಾವಣಿಯ ಹತ್ತಿರ ಸೇರಿಕೊಳ್ಳುತ್ತದೆ ಅನ್ನೋ ಪಾಠ ಜೀವಮಾನಕ್ಕೆ ನಾಟಿತು. ಅದರ ಜೊತೆ ಇನ್ನೊಂದು ಪಾಠವೂ ಸಿಕ್ಕಿತು. ವಿಜ್ಞಾನ ಜರ್ನಲ್ಲಿನಲ್ಲಿ ದಾಖಲಾಗಬೇಕು, ಆದರೆ ಕೊನೆಗೆ ಅದು ಗಣಿಯಲ್ಲಿರುವ ಮನುಷ್ಯನ ಕೈಗೆ ತಲುಪಬೇಕು.

ವಿಚಿತ್ರ ಅಂದರೆ, ಹಾಲ್ಡೇನ್ ಹತ್ತಿರ ವಿಜ್ಞಾನದ ಪದವಿಯೇ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗಣಿತ, ಆಮೇಲೆ ಗ್ರೀಕ್-ಲ್ಯಾಟಿನ್ ಸಾಹಿತ್ಯ ಮತ್ತು ತತ್ವಶಾಸ್ತ್ರ. ತಂಗಿ ನವೋಮಿ (ಮುಂದೆ ಕಾದಂಬರಿಕಾರ್ತಿ ನವೋಮಿ ಮಿಚಿಸನ್ ಅಂತ ಹೆಸರಾದವರು) ಮತ್ತು ಗೆಳೆಯ ಎ.ಡಿ. ಸ್ಪ್ರಂಟ್ ಜೊತೆ ಸೇರಿ ಇಲಿಗಳನ್ನು ಸಾಕಿ, ಎರಡು ಗುಣಗಳು ಒಟ್ಟಿಗೇ ಮರಿಗಳಿಗೆ ಹೋಗುವುದನ್ನು ಗಮನಿಸಿದರು. ಸಸ್ತನಿಗಳಲ್ಲಿ ಜೀನ್‌ಗಳು ಹೀಗೆ ಜೋಡಿಯಾಗಿ ಸಾಗುತ್ತವೆ ಅಂತ ತೋರಿಸಿದ ಮೊದಮೊದಲ ಕೆಲಸ ಇದು. 1915ರಲ್ಲಿ 'ಜರ್ನಲ್ ಆಫ್ ಜೆನೆಟಿಕ್ಸ್'ನಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಗಿತ್ತು. ಹಾಲ್ಡೇನ್ ಬ್ಲ್ಯಾಕ್ ವಾಚ್ ಸೇನಾ ತುಕಡಿಯಲ್ಲಿದ್ದರು. ಸ್ಪ್ರಂಟ್ ಫ್ರಾನ್ಸ್‌ನಲ್ಲಿ ಸತ್ತಿದ್ದರು.

ಆ ಪೇಪರಿನಲ್ಲೇ ಒಂದು ಸಣ್ಣ ತಪ್ಪೊಪ್ಪಿಗೆಯಂಥ ಮಾತಿದೆ. ಯುದ್ಧದ ಕಾರಣ, ನಮ್ಮಲ್ಲೊಬ್ಬ ಆಗಲೇ ಸತ್ತಿರುವ ಕಾರಣ, ಕೆಲಸ ಪೂರ್ತಿಯಾಗುವ ಮೊದಲೇ ಪ್ರಕಟಿಸುತ್ತಿದ್ದೇವೆ ಅನ್ನುವುದು ಅದರ ಸಾರ. ಜರ್ನಲ್ ಅಂದರೆ ಏನು ಅಂತ ಕೇಳಿದರೆ ಇದನ್ನೇ ತೋರಿಸಬಹುದು. ಇಷ್ಟು ಇಲಿ ಸಾಕಿದೆವು, ಇಂಥ ಮರಿ ಇಷ್ಟು ಬಂದವು, ಇಲ್ಲಿಗೆ ಕೆಲಸ ನಿಂತಿದೆ ಅಂತ ಅದು ಹೇಳುತ್ತದೆ. ಓದುವವರು ನಂಬಬೇಕು ಅಂತ ಅದು ಬೇಡುವುದಿಲ್ಲ. ಬೇಕಾದರೆ ನೀವೂ ಇಲಿ ಸಾಕಿ ನೋಡಿ ಅನ್ನುತ್ತದೆ.

1920ರ ದಶಕದಲ್ಲಿ ಹಾಲ್ಡೇನ್ ಕೇಂಬ್ರಿಡ್ಜ್‌ಗೆ ಬಂದರು. ಈ ಹತ್ತು ವರ್ಷಗಳಲ್ಲಿ ಅವರ ಬರವಣಿಗೆ ಎರಡು ದಾರಿಯಲ್ಲಿ ಹರಿಯಿತು. ಒಂದೊಂದು ಉದಾಹರಣೆ ನೋಡೋಣ.

1924ರಲ್ಲಿ ಕೇಂಬ್ರಿಡ್ಜ್ ಫಿಲಾಸಫಿಕಲ್ ಸೊಸೈಟಿಯ ಪ್ರಕಟಣೆಯಲ್ಲಿ ನೈಸರ್ಗಿಕ ಆಯ್ಕೆಯ ಗಣಿತದ ಬಗ್ಗೆ ಒಂದು ಪೇಪರ್ ಬಂತು. ಮುಂದಿನ ಹತ್ತು ವರ್ಷದ ಪೇಪರ್ ಮಾಲೆಗೆ ಅದು ಮೊದಲನೆಯದು. ಅದರಲ್ಲಿ ಮ್ಯಾಂಚೆಸ್ಟರ್ ಸುತ್ತಲಿನ ಒಂದು ಪತಂಗದ ಲೆಕ್ಕ ಇದೆ. 1848ರಲ್ಲಿ ಅಲ್ಲಿ ಅದರ ಕಪ್ಪು ಬಗೆ ಅಪರೂಪವಾಗಿ ಕಂಡಿತ್ತು. ಕಾರ್ಖಾನೆಗಳ ಮಸಿ ಹೆಚ್ಚಿದಂತೆ, ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲವೂ ಕಪ್ಪಾಗಿದ್ದವು. ಇಷ್ಟು ಬೇಗ ಹೀಗಾಗಬೇಕಾದರೆ ಕಪ್ಪು ಪತಂಗಗಳು ಬಿಳಿಯವಕ್ಕಿಂತ ಒಂದೂವರೆ ಪಟ್ಟು ಸಂತಾನ ಉಳಿಸಿರಬೇಕು ಅಂತ ಹಾಲ್ಡೇನ್ ಲೆಕ್ಕ ಹಾಕಿದರು. ಆ ಪೇಪರ್ ತುಂಬ ಸಮೀಕರಣಗಳು. ಓದಿದವರು ಬೆರಳೆಣಿಕೆಯಷ್ಟು ಜನ. ಆದರೆ ಆ ಲೆಕ್ಕ ಅಲ್ಲಿ ಇತ್ತು, ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. 1950ರ ದಶಕದಲ್ಲಿ ಬರ್ನಾರ್ಡ್ ಕೆಟಲ್‌ವೆಲ್ ಕಾಡಿಗೇ ಹೋಗಿ ಪತಂಗ ಬಿಟ್ಟು, ಹಕ್ಕಿಗಳು ಯಾವುದನ್ನು ಹೆಚ್ಚು ತಿನ್ನುತ್ತವೆ ಅಂತ ನೋಡಿದರು.

ಇನ್ನೊಂದು ದಾರಿ ನೋಡಿ. 1926ರಲ್ಲಿ ಅಮೆರಿಕದ 'ಹಾರ್ಪರ್ಸ್' ಮಾಸಪತ್ರಿಕೆಯಲ್ಲಿ ಪ್ರಾಣಿಗಳ ಗಾತ್ರದ ಬಗ್ಗೆ ಅವರ ಒಂದು ಲೇಖನ ಬಂತು. ಮನುಷ್ಯನೊಬ್ಬ ಹತ್ತು ಪಟ್ಟು ಎತ್ತರವಾಗಿ, ಅಗಲದಲ್ಲೂ ದಪ್ಪದಲ್ಲೂ ಅಷ್ಟೇ ಬೆಳೆದರೆ ಅವನ ತೂಕ ಸಾವಿರ ಪಟ್ಟಾಗುತ್ತದೆ, ಮೂಳೆಯ ಅಡ್ಡಳತೆಯ ವಿಸ್ತೀರ್ಣ ಮಾತ್ರ ನೂರು ಪಟ್ಟು. ಹಾಗಾಗಿ ಕಥೆಯ ದೈತ್ಯ ಮೊದಲ ಹೆಜ್ಜೆ ಇಟ್ಟಾಗಲೇ ಕಾಲು ಮುರಿದುಕೊಳ್ಳುತ್ತಾನೆ. ಸಮೀಕರಣ ಒಂದೂ ಇಲ್ಲ, ಆಕರಗಳ ಪಟ್ಟಿ ಇಲ್ಲ. ಹೊಸ ಸಂಶೋಧನೆಯೂ ಅದಲ್ಲ. ಗೊತ್ತಿದ್ದ ಸಂಗತಿಯನ್ನೇ ಯಾರೂ ಮರೆಯದ ಹಾಗೆ ಹೇಳಿದ್ದು. ಕೊನೆಯಲ್ಲಿ ಅವರು ಪ್ರಾಣಿಯಿಂದ ದೇಶಕ್ಕೆ ಜಿಗಿದು, ಸಂಸ್ಥೆಗಳಿಗೂ ಸರಿಯಾದ ಗಾತ್ರ ಅಂತ ಒಂದಿದೆ, ಸಮಾಜವಾದಕ್ಕೂ ಆ ಪ್ರಶ್ನೆ ತಪ್ಪಿದ್ದಲ್ಲ ಅನ್ನುತ್ತಾರೆ. ಜರ್ನಲ್ಲಿನಲ್ಲಿ ಇಂಥ ಜಿಗಿತಕ್ಕೆ ಜಾಗ ಇಲ್ಲ. ಪತ್ರಿಕೆಯಲ್ಲಿ ಇದೆ, ಇರಲೂಬೇಕು. ಓದುಗರು ಅದನ್ನು ಯೋಚನೆಗೆ ಹಚ್ಚುವ ಮಾತಾಗಿ ತೆಗೆದುಕೊಳ್ಳಬೇಕೇ ಹೊರತು ಸಾಬೀತಾದ ಸತ್ಯವಾಗಿ ಅಲ್ಲ.

ಹಾಗಾದರೆ ಹೊಸ ವಿಚಾರ ಜರ್ನಲ್ಲಿನಲ್ಲೇ ಹುಟ್ಟುತ್ತದೆ, ಪತ್ರಿಕೆಯಲ್ಲಿ ಬರೀ ಸರಳ ಮಾಡಿ ಹೇಳುತ್ತಾರೆ ಅಂದುಕೊಳ್ಳಬಹುದಾ? ಅದೂ ಸರಿಯಲ್ಲ. 1929ರಲ್ಲಿ 'ರ‍್ಯಾಷನಲಿಸ್ಟ್ ಆ್ಯನ್ಯುಯಲ್' ಅನ್ನೋ ವಿಚಾರವಾದಿಗಳ ವಾರ್ಷಿಕ ಸಂಚಿಕೆಯಲ್ಲಿ ಹಾಲ್ಡೇನ್ ಜೀವದ ಹುಟ್ಟಿನ ಬಗ್ಗೆ ಬರೆದರು. ಆದಿಯಲ್ಲಿ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಸೂರ್ಯನ ಅತಿನೇರಳೆ ಕಿರಣ ನೇರವಾಗಿ ಬೀಳುತ್ತಿತ್ತು, ಆಗ ಸಮುದ್ರದಲ್ಲಿ ಜೀವಕ್ಕೆ ಬೇಕಾದ ವಸ್ತುಗಳು ತಾವಾಗಿಯೇ ಕೂಡಿ ಸಾರಿನ ಹಾಗೆ ತುಂಬಿಕೊಂಡವು ಅನ್ನುವುದು ಅವರ ಊಹೆ. 20ನೇ ಶತಮಾನದ ವಿಜ್ಞಾನದ ಅತಿ ದೊಡ್ಡ ಊಹೆಗಳಲ್ಲಿ ಒಂದು ಯಾವ ಜರ್ನಲ್ಲಿನಲ್ಲೂ ಬರದೆ ಇಂಥ ಕಡೆ ಬಂತು. ರಷ್ಯಾದ ಅಲೆಕ್ಸಾಂಡರ್ ಒಪಾರಿನ್ 1924ರಲ್ಲೇ ಇದೇ ದಿಕ್ಕಿನಲ್ಲಿ ಬರೆದಿದ್ದರು. ಅದು ಬಂದಿದ್ದೂ ಜನಸಾಮಾನ್ಯರಿಗಾಗಿ ಅಚ್ಚಾದ ಪುಟ್ಟ ಪುಸ್ತಿಕೆಯಾಗಿ.

ಆದರೆ ಅದು ಊಹೆಯಾಗಿಯೇ ಕಾಯಬೇಕಾಯಿತು. 1953ರಲ್ಲಿ ಶಿಕಾಗೋದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಅನ್ನೋ ಯುವ ವಿದ್ಯಾರ್ಥಿ ಮೀಥೇನ್, ಅಮೋನಿಯಾ, ಹೈಡ್ರೋಜನ್ ಮತ್ತು ನೀರಾವಿ ತುಂಬಿದ ಗಾಜಿನ ಪಾತ್ರೆಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದರು. ಅದು 'ಸೈನ್ಸ್' ಜರ್ನಲ್ಲಿನಲ್ಲಿ ಬಂತು. ಯಾವ ಅನಿಲ, ಎಂಥ ಉಪಕರಣ, ಎಷ್ಟು ದಿನ ಅಂತ ವಿವರ ಕೊಟ್ಟಿದ್ದರಿಂದ ಬೇರೆಯವರೂ ಮಾಡಿ ನೋಡಿದರು. ಜೀವ ಹೇಗೆ ಹುಟ್ಟಿತು ಅನ್ನುವ ಪ್ರಶ್ನೆ ಇವತ್ತಿಗೂ ತೀರ್ಮಾನವಾಗಿಲ್ಲ, ಆದರೆ ಪ್ರಯೋಗಶಾಲೆಯ ಪ್ರಶ್ನೆಯಾಗಿದ್ದು ಅಲ್ಲಿಂದ. ವಿಚಾರ ಎಲ್ಲಿ ಬೇಕಾದರೂ ಹುಟ್ಟಬಹುದು. ಅದಕ್ಕೆ ಲೆಕ್ಕ ಒಪ್ಪಿಸುವ ಜಾಗ ಜರ್ನಲ್. ಇನ್ನೊಂದು ಮಾತು: 1963ರಲ್ಲಿ ಅಮೆರಿಕದ ಒಂದು ಸಮ್ಮೇಳನದಲ್ಲಿ ಒಪಾರಿನ್ ಎದುರಾದಾಗ, ಮೊದಲು ಹೇಳಿದ್ದು ನಾನಲ್ಲ, ಅವರು ಅಂತ ಹಾಲ್ಡೇನ್ ಎಲ್ಲರೆದುರು ಒಪ್ಪಿಕೊಂಡರು. ಯಾರದು ಮೊದಲು ಅನ್ನೋದನ್ನು ದಿನಾಂಕ ನೋಡಿ ತೀರ್ಮಾನಿಸಿ ಶ್ರೇಯ ಬಿಟ್ಟುಕೊಡುವುದೂ ಇದೇ ಶಿಸ್ತಿನ ಭಾಗ.

1930ರ ದಶಕದಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ, ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದ ಹಾಲ್ಡೇನ್ ಗಣರಾಜ್ಯ ಪಕ್ಷದ ಪರವಾಗಿ ಸ್ಪೇನಿಗೆ ಮೂರು ಸಲ ಹೋಗಿಬಂದರು. ವಿಮಾನ ದಾಳಿಯಿಂದ ಜನರನ್ನು ಕಾಪಾಡೋದು ಹೇಗೆ ಅಂತ 1938ರಲ್ಲಿ ಪುಸ್ತಕ ಬರೆದರು. 1937ರ ಕೊನೆಯಿಂದ ಕಮ್ಯುನಿಸ್ಟ್ ಪಕ್ಷದ ದಿನಪತ್ರಿಕೆ 'ಡೈಲಿ ವರ್ಕರ್'ಗೆ ವಾರವಾರ ವಿಜ್ಞಾನ ಅಂಕಣ ಶುರುಮಾಡಿದರು. 1950ರವರೆಗೆ 300ಕ್ಕೂ ಹೆಚ್ಚು ಲೇಖನಗಳು. ಓದುಗರು ಕಾರ್ಖಾನೆ, ಹಡಗುಕಟ್ಟೆ, ಗಣಿಗಳ ಕಾರ್ಮಿಕರು. ಅವರಿಗೆ ಗೊತ್ತಿರುವ ವಸ್ತುವಿನಿಂದ ಮಾತು ಶುರುಮಾಡಬೇಕು, ನನಗೆಷ್ಟು ಗೊತ್ತಿದೆ ಅಂತ ತೋರಿಸೋಕೆ ಹೋಗಬಾರದು ಅನ್ನುವುದು ಅವರು ಪಾಲಿಸಿದ ಮತ್ತು ಬೇರೆಯವರಿಗೂ ಹೇಳಿದ ನಿಯಮ. 1941ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ ಆ ಪತ್ರಿಕೆಯನ್ನೇ ನಿಷೇಧಿಸಿದಾಗ ಅದರ ಸಂಪಾದಕ ಮಂಡಳಿಯ ಅಧ್ಯಕ್ಷರು ಇವರೇ. ನಿಷೇಧ ತೆರವಾಗಿದ್ದು 1942ರಲ್ಲಿ.

ಅದೇ ವರ್ಷಗಳಲ್ಲಿ ಇನ್ನೊಂದು ಕೈ ಇನ್ನೊಂದು ಕೆಲಸ ಮಾಡುತ್ತಿತ್ತು. 1939ರ ಜೂನ್ 1ರಂದು ಲಿವರ್‌ಪೂಲ್ ಕೊಲ್ಲಿಯಲ್ಲಿ 'ಥೀಟಿಸ್' ಜಲಾಂತರ್ಗಾಮಿ ಮುಳುಗಿ 99 ಜನ ಸತ್ತರು. ಸತ್ತವರಲ್ಲಿ ಹಡಗು ಕಟ್ಟಿದ ಕೆಲಸಗಾರರೂ ಇದ್ದರು. ಕಾರ್ಮಿಕ ಸಂಘಗಳು ಹಾಲ್ಡೇನ್ ಅವರನ್ನು ಕೇಳಿಕೊಂಡವು. ಅವರು ತಾವೇ ಮುಚ್ಚಿದ ಉಕ್ಕಿನ ಕೋಣೆಯೊಳಗೆ ಕೂತು, ಸ್ಪೇನಿನಲ್ಲಿ ಹೋರಾಡಿ ಬಂದಿದ್ದ ಗೆಳೆಯರನ್ನೂ ಕೂರಿಸಿ, ಇಂಗಾಲದ ಡೈಆಕ್ಸೈಡ್ ಏರಿದಂತೆ ಮನುಷ್ಯನಿಗೆ ಏನಾಗುತ್ತದೆ ಅಂತ ನೋಡಿದರು. ಮುಂದೆ ನೌಕಾಪಡೆಗಾಗಿ ಮಾಡಿದ ಇಂಥ ಪ್ರಯೋಗದಲ್ಲೇ ಸೆಳವು ಬಂದು ಬೆನ್ನೆಲುಬಿಗೆ ಪೆಟ್ಟಾಗಿ, ಆ ನೋವು ಕೊನೆತನಕ ಉಳಿಯಿತು. ಈ ಕೆಲಸದ ಫಲವಾದ ಪೇಪರ್ 1941ರಲ್ಲಿ 'ಜರ್ನಲ್ ಆಫ್ ಹೈಜೀನ್'ನಲ್ಲಿ ಬಂತು. ಮುಳುಗುಗಾರರು ಆಳದಿಂದ ಹೇಗೆ ಹಂತಹಂತವಾಗಿ ಮೇಲೆ ಬರಬೇಕು ಅಂತ ತಂದೆ ತಮ್ಮ ಸಹೋದ್ಯೋಗಿಗಳ ಜೊತೆ 1908ರಲ್ಲಿ ಬರೆದಿದ್ದೂ ಇದೇ ಜರ್ನಲ್ಲಿನಲ್ಲಿ. ಈ ಪೇಪರಿನಲ್ಲಿ ಕಾರ್ಮಿಕರ ಪರ ಘೋಷಣೆ ಇಲ್ಲ, ಸರ್ಕಾರದ ಮೇಲೆ ಕೋಪ ಇಲ್ಲ. ಇರೋದು ಒತ್ತಡ, ಹೊತ್ತು, ದೇಹದ ಪ್ರತಿಕ್ರಿಯೆ. ಹಾಲ್ಡೇನ್ ರಾಜಕೀಯ ಬಚ್ಚಿಟ್ಟವರಲ್ಲ. ಯಾವ ಪ್ರಶ್ನೆ ಎತ್ತಬೇಕು ಅನ್ನೋದನ್ನು ಅವರ ರಾಜಕೀಯ ತೀರ್ಮಾನಿಸಿತು. ಉತ್ತರವನ್ನು ಮಾತ್ರ ಅಳತೆಯೇ ಕೊಡಬೇಕಿತ್ತು.

ಈ ಗೆರೆ ಅಳಿಸಿದ್ದು ಲೈಸೆಂಕೋ ಪ್ರಕರಣದಲ್ಲಿ.

ಟ್ರೋಫಿಮ್ ಲೈಸೆಂಕೋ ಸೋವಿಯತ್ ಕೃಷಿ ವಿಜ್ಞಾನದ ಸರ್ವಾಧಿಕಾರಿಯಾಗಿ ಬೆಳೆದ ಮನುಷ್ಯ. ಮೆಂಡೆಲ್ ತಳಿಶಾಸ್ತ್ರ ಬೂರ್ಜ್ವಾ ವಿಜ್ಞಾನ, ಬೆಳೆಯನ್ನು ಪಳಗಿಸಿದರೆ ಆ ಗುಣ ಮುಂದಿನ ತಲೆಮಾರಿಗೂ ಇಳಿಯುತ್ತದೆ ಅನ್ನುವುದು ಅವನ ವಾದ. ಅವನ ಹತ್ತಿರವೂ ಜರ್ನಲ್ ಇತ್ತು ಅನ್ನೋದನ್ನು ಗಮನಿಸಿ. 'ಯಾರೊವಿಜಾತ್ಸಿಯಾ' ಅಂತ ಹೆಸರು, ಸಂಪಾದಕ ಅವನೇ. ಸಂಚಿಕೆ ಸಂಖ್ಯೆ ಇತ್ತು, ಲೇಖನಗಳಿದ್ದವು, ವಿಜ್ಞಾನಿಗಳ ಹೆಸರಿದ್ದವು. ಇರದಿದ್ದುದು ಎದುರುವಾದಕ್ಕೆ ಜಾಗ. ಹೋಲಿಕೆಗೆ ಬೇರೆ ಹೊಲ ಇಟ್ಟು ಅಳೆಯುವ ಬದಲು ಸಾಮೂಹಿಕ ಕೃಷಿ ಕ್ಷೇತ್ರಗಳಿಗೆ ಪ್ರಶ್ನಾವಳಿ ಕಳಿಸಿ ಬಂದ ಉತ್ತರವನ್ನೇ ಪುರಾವೆ ಅಂತ ತೋರಿಸಲಾಗುತ್ತಿತ್ತು. ಮೇಲಿನವರಿಗೆ ಬೆಳೆ ಬರಲಿಲ್ಲ ಅಂತ ಬರೆದು ಕಳಿಸುವ ಧೈರ್ಯ ಯಾರಿಗಿರುತ್ತದೆ?

ನಿಜವಾದ ತಳಿವಿಜ್ಞಾನಿ ನಿಕೊಲಾಯ್ ವವಿಲೋವ್. ಜಗತ್ತಿನ ಮೂಲೆಮೂಲೆಯಿಂದ ಬೆಳೆಗಳ ಬೀಜ ಸಂಗ್ರಹಿಸಿದವರು, 1928ರಲ್ಲಿ ಹಾಲ್ಡೇನ್‌ಗೆ ಸೋವಿಯತ್ ನಾಡಿನಲ್ಲಿ ಆತಿಥ್ಯ ಕೊಟ್ಟವರು. ಅವರನ್ನು 1940ರಲ್ಲಿ ಬಂಧಿಸಿದರು. 1943ರ ಜನವರಿಯಲ್ಲಿ ಸರಾತೊವ್ ಜೈಲಿನಲ್ಲಿ ಸತ್ತರು. ಜನರಿಗೆ ಅನ್ನ ಸಿಗಲಿ ಅಂತ ಬೀಜ ಕೂಡಿಟ್ಟವರು ಹಸಿವಿನಿಂದ ನವೆದು ಹೋದರು. 1948ರ ಆಗಸ್ಟ್‌ನಲ್ಲಿ ಕೃಷಿ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಲೈಸೆಂಕೋ ತನ್ನ ವರದಿಗೆ ಪಕ್ಷದ ಕೇಂದ್ರ ಸಮಿತಿಯ ಒಪ್ಪಿಗೆ ಇದೆ ಅಂತ ಘೋಷಿಸಿದ. ಅಲ್ಲಿಗೆ ಚರ್ಚೆ ಮುಗಿಯಿತು. ಪ್ರಯೋಗಾಲಯಗಳು ಮುಚ್ಚಿದವು, ತಳಿವಿಜ್ಞಾನಿಗಳು ಕೆಲಸ ಕಳೆದುಕೊಂಡರು.

ಜಗತ್ತಿನ ಅತ್ಯಂತ ಹೆಸರಾಂತ ಕಮ್ಯುನಿಸ್ಟ್ ತಳಿವಿಜ್ಞಾನಿ ಏನು ಹೇಳುತ್ತಾರೆ ಅಂತ ಎಲ್ಲರೂ ಕಾದರು. ಆ ವರ್ಷದ ನವೆಂಬರ್‌ನಲ್ಲಿ ಬಿಬಿಸಿ ರೇಡಿಯೋ ಚರ್ಚೆಯಲ್ಲಿ ಫಿಶರ್, ಡಾರ್ಲಿಂಗ್‌ಟನ್, ಹಾರ್ಲೆಂಡ್ ಮೂವರೂ ಲೈಸೆಂಕೋನನ್ನು ಖಂಡಿಸಿದರು. ಹಾಲ್ಡೇನ್ ಮಾತ್ರ ಕೆಲವನ್ನು ಒಪ್ಪಲಿಲ್ಲ, ಕೆಲವನ್ನು ಸಮರ್ಥಿಸಿದರು, ಪೂರ್ತಿ ತಳ್ಳಿಹಾಕಲಿಲ್ಲ. ತಮಾಷೆ ಅಂದರೆ, ಆಗ 'ಜರ್ನಲ್ ಆಫ್ ಜೆನೆಟಿಕ್ಸ್' ಸಂಪಾದಕರು ಅವರೇ. ತಮ್ಮ ಪೇಪರುಗಳಲ್ಲಿ ಅವರು ಮೆಂಡೆಲ್ ದಾರಿ ಬಿಡಲಿಲ್ಲ. ಅಲ್ಲಿನ ಒಂದು ಸಮೀಕರಣವೂ ಲೈಸೆಂಕೋಗಾಗಿ ಬಾಗಲಿಲ್ಲ. ಬಾಗಿದ್ದು ಜನರೆದುರಿನ ಮಾತು.

ಇದೇ ಈ ಬದುಕಿನ ದೊಡ್ಡ ಎಚ್ಚರಿಕೆ. ಕಾರ್ಮಿಕರು ಹಾಲ್ಡೇನ್ ಅಂಕಣವನ್ನು ನಂಬುತ್ತಿದ್ದದ್ದು ಯಾಕೆ? ಅವರು ದೊಡ್ಡ ವಿಜ್ಞಾನಿ, ಜರ್ನಲ್ಲುಗಳಲ್ಲಿ ಗೆದ್ದು ಬಂದವರು ಅನ್ನೋ ಕಾರಣಕ್ಕೆ. ಆ ಅಂಕಣದ ತೂಕವೆಲ್ಲ ಜರ್ನಲ್ಲಿನಿಂದ ತಂದ ಸಾಲ. ಜರ್ನಲ್ಲಿನಲ್ಲಿ ಒಂದು ದಿನವೂ ನಿಲ್ಲಲಾರದ ವಾದಕ್ಕೆ ಆ ಸಾಲದ ತೂಕ ಬಿದ್ದಾಗ, ಮೋಸ ಹೋದವರು ಪ್ರೊಫೆಸರುಗಳಲ್ಲ, ಪರಿಶೀಲಿಸಲು ದಾರಿ ಇಲ್ಲದ ಓದುಗರು. ನಮ್ಮ ಪಕ್ಷ ಹೇಳುತ್ತಿದೆ, ನಮ್ಮ ಕಡೆಯವರು ಹೇಳುತ್ತಿದ್ದಾರೆ ಅನ್ನುವುದು ಪುರಾವೆಯ ಜಾಗದಲ್ಲಿ ಬಂದು ಕೂತಿತು. ಹಾಲ್ಡೇನ್ ನಿಧಾನವಾಗಿ ದೂರ ಸರಿದರು. 1950ರ ಆಗಸ್ಟ್‌ಗೆ ಅಂಕಣ ನಿಂತಿತು, ಪಕ್ಷದ ನಂಟೂ ಕಳಚಿತು. ಆದರೆ ವವಿಲೋವ್ ಪರವಾಗಿ ಗಟ್ಟಿಯಾಗಿ ಮಾತಾಡಬೇಕಿದ್ದ ಹೊತ್ತು ಕಳೆದುಹೋಗಿತ್ತು.

1957ರಲ್ಲಿ, ಸೂಯೆಜ್ ಮೇಲಿನ ಬ್ರಿಟಿಷ್ ದಾಳಿಯನ್ನು ಖಂಡಿಸುತ್ತ, ಹಾಲ್ಡೇನ್ ಮತ್ತು ಪತ್ನಿ ಹೆಲೆನ್ ಸ್ಪರ್‌ವೇ ಭಾರತಕ್ಕೆ ಬಂದರು. ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಕರೆಸಿಕೊಂಡವರು ಪಿ.ಸಿ. ಮಹಾಲನೋಬಿಸ್. ಹಾಲ್ಡೇನ್ ಬರುವಾಗ 'ಜರ್ನಲ್ ಆಫ್ ಜೆನೆಟಿಕ್ಸ್' ಕೂಡ ಜೊತೆಗೆ ಬಂತು. ದುಬಾರಿ ಯಂತ್ರ ಇಲ್ಲ ಅಂತ ಕೈಕಟ್ಟಿ ಕೂರಬೇಡಿ, ಕಣ್ಣಿದೆ, ಎಣಿಸೋಕೆ ಬರುತ್ತದೆ, ಸಾಕು ಅನ್ನುವ ಧೋರಣೆ ಅವರದ್ದು. ಅವರ ಜೊತೆಗಿದ್ದ ಟಿ.ಎ. ಡೇವಿಸ್ ತೆಂಗಿನ ಮರಗಳನ್ನು ನೋಡಿದರು. ಕೆಲವು ಮರದಲ್ಲಿ ಗರಿಗಳು ಎಡಕ್ಕೆ ಸುತ್ತುತ್ತವೆ, ಕೆಲವದರಲ್ಲಿ ಬಲಕ್ಕೆ. ಇದು ತಾಯಿಮರದಿಂದ ಸಸಿಗೆ ಬರುತ್ತದಾ? ಎಣಿಸಿ ನೋಡಿದರೆ ಬರುವುದಿಲ್ಲ. 1962ರಲ್ಲಿ ಅದು ಆ ಜರ್ನಲ್ಲಿನಲ್ಲಿ ಪೇಪರ್ ಆಯಿತು. ನಮ್ಮ ತಿಪಟೂರು, ಅರಸೀಕೆರೆ ಕಡೆಯ ಯಾವ ತೋಟದಲ್ಲಾದರೂ ನಿಂತು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಜರ್ನಲ್ಲಿಗೆ ಬೇಕಾದ್ದು ಇಂಗ್ಲಿಷಿನ ಠೀವಿ ಅಲ್ಲ, ಈ ಬಗೆಯ ಎಣಿಕೆ.

ಕಲ್ಕತ್ತಾದ ಸಂಸ್ಥೆಯ ಜೊತೆ ಮನಸ್ತಾಪವಾಗಿ 1961ರಲ್ಲಿ ಹೊರಬಂದ ಹಾಲ್ಡೇನ್, ಮರುವರ್ಷ ಒಡಿಶಾ ಸರ್ಕಾರದ ನೆರವಿನಿಂದ ಭುವನೇಶ್ವರದಲ್ಲಿ ತಳಿಶಾಸ್ತ್ರದ ಪ್ರಯೋಗಾಲಯ ಕಟ್ಟಿದರು. 1964ರ ಹೊತ್ತಿಗೆ ಕ್ಯಾನ್ಸರ್ ಬಂದಿತ್ತು. ಆ ವರ್ಷವೂ ಎರಡು ದಾರಿಯಲ್ಲಿ ಬರೆದರು. ಜೀನ್‌ಗಳ ಗಣಿತವನ್ನು ಹಗುರ ಮಾಡಿದ ವಿಮರ್ಶಕರಿಗೆ ಉತ್ತರವಾಗಿ ಒಂದು ವಿದ್ವತ್ ಲೇಖನ. 'ನ್ಯೂ ಸ್ಟೇಟ್ಸ್‌ಮನ್' ವಾರಪತ್ರಿಕೆಗೆ ತಮ್ಮದೇ ಕ್ಯಾನ್ಸರ್ ಬಗ್ಗೆ ಒಂದು ನಗೆಗವನ. ಬೇಗ ಡಾಕ್ಟರ ಹತ್ತಿರ ಹೋದರೆ ಉಳಿಯಬಹುದು ಅಂತ ಜನರಿಗೆ ಹೇಳುವುದು ಅದರ ಉದ್ದೇಶ. ಡಿಸೆಂಬರ್ 1ರಂದು ತೀರಿಕೊಂಡರು. ಅವರ ಇಚ್ಛೆಯಂತೆ ದೇಹ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜಿಗೆ ಹೋಯಿತು.

ಈಗ ಮತ್ತೆ ನಮ್ಮ ಲಿಂಕಿನ ಪ್ರಶ್ನೆ. ಪಿಯರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ಇತರರು ಮೊದಲೇ ಓದಿ ಒಪ್ಪುವುದು, ಇವತ್ತು ಜರ್ನಲ್ಲಿನ ಗುರುತು. ಆದರೆ ಹಾಲ್ಡೇನ್ ಕಾಲದಲ್ಲಿ ಅದು ಎಲ್ಲ ಕಡೆ ಕಡ್ಡಾಯ ಇರಲಿಲ್ಲ. 'ನೇಚರ್' ಜರ್ನಲ್ ಅದನ್ನು ನಿಯಮ ಮಾಡಿಕೊಂಡಿದ್ದೇ 1973ರಲ್ಲಿ. ಇನ್ನೊಂದು ಕಡೆ, ಈಗ ದುಡ್ಡು ಕಟ್ಟಿದರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್ಲುಗಳೂ ತಮ್ಮಲ್ಲಿ ಪಿಯರ್ ರಿವ್ಯೂ ಇದೆ ಅಂತಲೇ ಬರೆದುಕೊಳ್ಳುತ್ತವೆ. ಹಾಗಾಗಿ ಹೆಸರು ನೋಡಿ ಸುಮ್ಮನಾಗಬೇಡಿ. ಹೇಗೆ ಕಂಡುಕೊಂಡರು ಅಂತ ಬರೆದಿದ್ದಾರಾ? ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಬಹುದಾ? ಎಲ್ಲಿ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಅಂದಿದ್ದಾರಾ? ತಪ್ಪು ಅಂತ ಬರೆದವರಿಗೂ ಅಲ್ಲಿ ಜಾಗ ಸಿಗುತ್ತದಾ? ಸಂಪಾದಕರು ಯಾರು, ಅವರು ಯಾರಿಗೆ ಉತ್ತರ ಕೊಡಬೇಕು? ಪತ್ರಿಕೆಯ ಲೇಖನವಾದರೆ ಇನ್ನೂ ಒಂದು ಪ್ರಶ್ನೆ ಸೇರಿಸಿ: ಇದರ ತೂಕ ಯಾವ ಪೇಪರಿನಿಂದ ಬಂದ ಸಾಲ, ಆ ಪೇಪರ್ ನಿಜಕ್ಕೂ ಇದನ್ನೇ ಹೇಳುತ್ತದಾ? ನಮಗೆ ಹಿತವಾದ ಮಾತು ಬಂದಾಗಲೂ ಕೇಳಬೇಕು, ಆಗಂತೂ ಹೆಚ್ಚೇ ಕೇಳಬೇಕು.

ಹಾಲ್ಡೇನ್ ಹೊತ್ತು ತಂದ 'ಜರ್ನಲ್ ಆಫ್ ಜೆನೆಟಿಕ್ಸ್' ಅವರ ನಂತರ ಸೊರಗಿ ನಿಂತುಹೋಗಿತ್ತು. 1985ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಅದೇ ಅಕಾಡೆಮಿ 1996ರಿಂದ 'ರೆಸೊನೆನ್ಸ್' ಅಂತ ವಿದ್ಯಾರ್ಥಿಗಳಿಗಾಗಿ ಮಾಸಪತ್ರಿಕೆಯನ್ನೂ ಹೊರತರುತ್ತಿದೆ. ಒಂದರಲ್ಲಿ ಹೊಸ ಸಂಶೋಧನೆ, ಇನ್ನೊಂದರಲ್ಲಿ ಅದನ್ನು ಅರ್ಥ ಮಾಡಿಸುವ ಮಾತು. ಎರಡನ್ನೂ ಇಂಟರ್ನೆಟ್‌ನಲ್ಲಿ ಹುಡುಕಿ ಒಂದೊಂದು ಲೇಖನ ಪಕ್ಕಪಕ್ಕ ಇಟ್ಟು ಓದಿ ನೋಡಿ. ಮುಂದಿನ ಸಲ ಯಾರಾದರೂ ಲಿಂಕ್ ಹಾಕಿದಾಗ ಅದು ಯಾವ ಜಾತಿಯದ್ದು ಅಂತ ಗುರುತಿಸೋದು ಕಷ್ಟವಾಗದು.